ಪರಿಷೆಗೆ ಕರೆಯೋಲೆ ಬರೆದವರು ಯಾರು?

ಸುವರ್ಣ ಮಹೋತ್ಸವದ ಪ್ರಚಾರವನ್ನು ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಮಾಡುವ ಹೊಣೆಯನ್ನು ಸಮಿತಿಯವರು ನನಗೆ ಒಪ್ಪಿಸಿದರು. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನಿಗೆ ಇದೆಲ್ಲ ಗೊತ್ತಿರುತ್ತದೆ ಎಂಬುದು ಹಿರಿಯರ ಲೆಕ್ಕ. ಆದರೆ ಜನರನ್ನು ಒಂದೆಡೆ ಸೇರಿಸುವ ವಿದ್ಯೆ ಕಂಪ್ಯೂಟರಿಗಿಂತ ಬಹಳ ಹಳೆಯದು. ನಾನೀಗ ವಾಸವಾಗಿರುವ ಬೆಂಗಳೂರಿನ ಬಸವನಗುಡಿ ಮತ್ತು ಪಕ್ಕದ ಚಾಮರಾಜಪೇಟೆಯ ಎರಡು ಉತ್ಸವಗಳ ಚರಿತ್ರೆಯಲ್ಲಿ ನಮಗೆ ಬೇಕಾದ ಪಾಠವಿದೆ.

ಮೊದಲನೆಯದು ಕಡಲೆಕಾಯಿ ಪರಿಷೆ. ಬಸವನಗುಡಿ ಬಡಾವಣೆ ಬೆಳೆದದ್ದು 1898ರ ಪ್ಲೇಗಿನ ನಂತರ. ಅದಕ್ಕೂ ಮೊದಲು ಅಲ್ಲಿದ್ದದ್ದು ಸುಂಕೇನಹಳ್ಳಿ. ರಾತ್ರಿ ಬಸವ ಬಂದು ಹೊಲದ ಕಡಲೆಕಾಯಿ ಮೇಯುತ್ತಿತ್ತು, ರೈತರು ಮೊದಲ ಬೆಳೆಯನ್ನು ಅದಕ್ಕೇ ಒಪ್ಪಿಸುವುದಾಗಿ ಹರಕೆ ಹೊತ್ತರು ಎಂಬುದು ಕಥೆ. (ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ. ಕಥೆ ಎಷ್ಟು ಹಳೆಯದೆಂಬ ವಾದ ಇಲ್ಲಿ ಬೇಡ.) ಪರಿಷೆ ಕಾರ್ತಿಕ ಮಾಸದ ಕಡೆಯ ಸೋಮವಾರ, ದೊಡ್ಡ ಬಸವನ ಗುಡಿಯ ಮುಂದೆ. ಮುಂಗಾರಿನಲ್ಲಿ ಬಿತ್ತಿದ್ದನ್ನು ಕಿತ್ತು ಒಣಗಿಸುವ ಹೊತ್ತಿಗೆ ಸರಿಯಾಗಿ ಕಾರ್ತಿಕ ಬಂದಿರುತ್ತದೆ. ಕಾಯಿ ಮೂಟೆಯಲ್ಲಿದೆ, ದಿನ ಪಂಚಾಂಗದಲ್ಲಿದೆ, ಜಾಗ ಬದಲಾಗುವುದಿಲ್ಲ. ಮಾಗಡಿ, ಕೋಲಾರದ ಕಡೆಯಿಂದ ಬರುವ ರೈತರಿಗೆ ಕರೆಯೋಲೆ ಕಳುಹಿಸಬೇಕಾದ್ದೇ ಇಲ್ಲ.

ಈಚೆಗೆ ಪರಿಷೆಯ ಸುದ್ದಿ ಮೊಬೈಲಿನಲ್ಲೂ ಹರಿದಾಡುತ್ತದೆ. ಅದರಲ್ಲಿ ನನಗೆ ಹಿಡಿಸಿದ್ದು, ಪ್ಲಾಸ್ಟಿಕ್ ಕವರ್ ಬೇಡ, ಕೈಚೀಲ ತನ್ನಿ ಎಂಬ ಕರೆ. ಹೇಗೂ ಬರುವ ಜನರಿಗೆ ‘ಬನ್ನಿ’ ಎಂದು ಹೇಳುತ್ತ ಕೂರದೆ, ಹೊಸದಾಗಿ ತಿಳಿಯಬೇಕಾದ ಒಂದೇ ಮಾತನ್ನು ಅದು ಹೇಳಿತು. ರೀಲ್ಸ್ ಮಾಡುವವರು ಎಷ್ಟು ಬಂದರೂ, ಒಂದು ಸೇರು ಕಾಯಿ ಕೊಳ್ಳದೆ ಹೋದರೆ ರೈತನಿಗೇನು ಬಂತು?

ಚಾಮರಾಜಪೇಟೆಯ ರಾಮೋತ್ಸವದ್ದು ಬೇರೆ ಬಗೆ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಕಚೇರಿಗಳು ದಶಕಗಳ ಕಾಲ ನಡೆದದ್ದು ಕೋಟೆ ಹೈಸ್ಕೂಲಿನ ಮೈದಾನದಲ್ಲಿ. ಹೈಸ್ಕೂಲಿನ ಮೈದಾನ ಎಂದಾಗ ನಮಗೂ ಒಂದಿಷ್ಟು ಹೆಮ್ಮೆ. ರಾಮನವಮಿ ಎಂದೆಂಬುದು ಎಲ್ಲರಿಗೂ ಗೊತ್ತು. ಯಾವ ಸಂಜೆ ಯಾರ ಹಾಡುಗಾರಿಕೆ, ಪಿಟೀಲು ಯಾರದು, ಮೃದಂಗ ಯಾರದು ಎಂಬುದು ಮಾತ್ರ ಗೊತ್ತಿರುವುದಿಲ್ಲ. ಅದಕ್ಕಾಗಿ ಮುಂಚಿತವಾಗಿ ಅಚ್ಚಾದ ಕಾರ್ಯಕ್ರಮ ಪಟ್ಟಿ ಬೇಕು.

ಇನ್ನು ನಮ್ಮ ಮಹೋತ್ಸವ. ಇದು ಪಂಚಾಂಗದಲ್ಲಿಲ್ಲ, ಬರುವುದು ಒಂದೇ ಸಲ. ಮೊದಲ ಬ್ಯಾಚಿನವರಿಗೆ ಈಗ ಅರವತ್ತೈದರ ಆಸುಪಾಸು. ‘ಒಂದು ಮೆಸೇಜ್ ಬಿಡು, ಎಲ್ಲರೂ ಫಾರ್ವರ್ಡ್ ಮಾಡ್ತಾರೆ’ ಎಂದವರಿದ್ದರು. ಹಾಗಾಗುವುದಿಲ್ಲ. ಸುಳ್ಳುಸುದ್ದಿ ತಡೆಯಲೆಂದು 2020ರಿಂದ ವಾಟ್ಸಾಪ್, ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದೇ ಗುಂಪಿಗೆ ಕಳುಹಿಸಲು ಬಿಡುತ್ತದೆ. ಆದ್ದರಿಂದ ಪ್ರತಿ ಬ್ಯಾಚಿನಲ್ಲೂ ಒಬ್ಬರು ತಮ್ಮದೇ ಮಾತಿನಲ್ಲಿ ಬರೆದು, ಆ ವರ್ಷದ ಗ್ರೂಪ್ ಫೋಟೋ ಸೇರಿಸಿ ಕಳುಹಿಸುವಂತೆ ಮಾಡಿದೆವು. ಸ್ನೇಹಿತ ಹೆಸರು ಹಿಡಿದು ಕರೆದರೆ ಅದನ್ನು ಯಾರೂ ಓದದೆ ಬಿಡುವುದಿಲ್ಲ. ಮೊಬೈಲಿನ ಗೊಡವೆ ಇಲ್ಲದವರಿಗಾಗಿ ಸಂತೆಯ ದಿನ ಆಟೋಗೆ ಮೈಕ್ ಕಟ್ಟಿಸಿದ್ದೂ ಆಯಿತು.

ಆದರೂ ಇಬ್ಬಗೆಯವರು ಕೈಗೆ ಸಿಗುವುದು ಕಷ್ಟ. ಎಸ್ಸೆಸ್ಸೆಲ್ಸಿ ಫೇಲಾದವರು, ನಡುವೆ ಶಾಲೆ ಬಿಟ್ಟವರು, ಈ ಕರೆ ತಮಗಲ್ಲ ಎಂದುಕೊಳ್ಳುತ್ತಾರೆ. ಅದಕ್ಕೇ ಅವರೂ ಹಳೆಯ ವಿದ್ಯಾರ್ಥಿಗಳೇ ಎಂಬುದನ್ನು ಆಮಂತ್ರಣದ ಮೊದಲ ಸಾಲಿನಲ್ಲೇ ಹಾಕಿದ್ದೇವೆ. ಇನ್ನು ಮದುವೆಯಾಗಿ ಹೋದ ಹೆಣ್ಣುಮಕ್ಕಳು. ಹಾಜರಿ ಪುಸ್ತಕದ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಅವರು ಸಿಗುವುದಿಲ್ಲ. ಊರೂ ಬದಲಾಗಿದೆ, ಎಷ್ಟೋ ಸಲ ಹೆಸರೂ. ಅವರ ವಿಳಾಸ ಬಲ್ಲವರು ತವರಿನ ಅಕ್ಕಪಕ್ಕದ ಮನೆಯವರೇ.

ಈ ಬರಹ ಅಚ್ಚಿಗೆ ಹೋಗುವಾಗಲೂ ಸಿಗದವರ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗೆ ಅಂಟಿಸಿದ್ದೇವೆ. ಗೊತ್ತಿದ್ದವರು ಹೆಸರಿನ ಮುಂದೆ ಈಗಿನ ಊರನ್ನು ಬರೆದು ಹೋಗಿ. ಫೋನ್ ನಂಬರನ್ನು ಮಾತ್ರ ಗೋಡೆಯ ಮೇಲೆ ಬರೆಯದೆ, ಒಳಗೆ ಆಫೀಸಿನಲ್ಲಿ ಕೊಡಿ.