ಆಸ್ಟಿನ್‌ನ ಮರಿಮಗ ಬೆಂಗಳೂರಿಗೆ ಬಂದ ಕಥೆ

1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಮಧ್ಯಮ ವರ್ಗದ ಹುಡುಗನೊಬ್ಬ ಸ್ಪೋರ್ಟ್ಸ್ ಕಾರು ಬೇಕೆಂದು ಆಸೆಪಟ್ಟರೆ ಅದನ್ನು ಕೊಳ್ಳುವ ದಾರಿ ಇರಲಿಲ್ಲ. ರಸ್ತೆಯಲ್ಲಿ ಕಾಣುತ್ತಿದ್ದದ್ದು ಹೆಚ್ಚಾಗಿ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ. ಹೊರದೇಶದಿಂದ ತರಿಸೋಣವೆಂದರೆ ಆಮದು ಸುಂಕವೇ ಕಾರಿನ ಬೆಲೆಯನ್ನು ನುಂಗಿಬಿಡುತ್ತಿತ್ತು. ಹಾಗಾಗಿ ನಮ್ಮಲ್ಲಿ ವೇಗವೆಂಬುದು ಷೋರೂಮಿನ ಸರಕಾಗಿರಲಿಲ್ಲ, ಗ್ಯಾರೇಜಿನ ಕೈಕೆಲಸವಾಗಿತ್ತು.

ಅಂಥ ಹೊತ್ತಿನಲ್ಲಿ, 1982ರಲ್ಲಿ, ನಮ್ಮ ಊರಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಎರಡು ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿಸಿ ಎಂಜಿನ್, ಹಿಂಚಕ್ರಕ್ಕೆ ಶಕ್ತಿ. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರೇ ಇದರ ಮೂಲ. ಜನ ಇದನ್ನು ನಂಬಲಿಲ್ಲ. ತಗಡಿಲ್ಲದ ಕಾರೂ ಒಂದು ಕಾರೇ ಎಂಬ ಅನುಮಾನ, ಸಂಸಾರಸ್ಥರಿಗೆ ಎರಡೇ ಬಾಗಿಲು ಸಾಲದು ಎಂಬ ತಕರಾರು. ಮರುವರ್ಷದ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲಂತೂ ಡಾಲ್ಫಿನ್‌ನ ಮಾರುಕಟ್ಟೆ ಕತೆ ಹೆಚ್ಚುಕಡಿಮೆ ಮುಗಿದಂತೆಯೇ. ಮುಂದೆ ಮೊಂಟಾನಾ ಎಂಬ ನಾಲ್ಕು ಬಾಗಿಲಿನ ರೂಪ ಬಂದರೂ ಅದು ದೊಡ್ಡ ಗೆಲುವೇನೂ ಆಗಲಿಲ್ಲ.

ಆದರೆ ರೇಸಿನ ಹುಚ್ಚಿನವರು ಡಾಲ್ಫಿನ್ ಅನ್ನು ಬೇರೆ ಕಣ್ಣಿನಿಂದ ನೋಡಿದರು. ಲೆಕ್ಕ ಸರಳ. ಮೂಲದ ಕಿಟನ್ ಕಾರಿಗೆ 40 ಅಶ್ವಶಕ್ತಿ, ತೂಕ ಸುಮಾರು 520 ಕಿಲೋ. ಪದ್ಮಿನಿಯ ಎಂಜಿನ್ನೂ ಹೆಚ್ಚುಕಡಿಮೆ ಅಷ್ಟೇ ಶಕ್ತಿಯದು, ಆದರೆ ಅದು ಎಳೆಯಬೇಕಾದದ್ದು 900 ಕಿಲೋ ಹತ್ತಿರದ ಕಬ್ಬಿಣವನ್ನು. ಎಂಜಿನ್ನಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಡಾಲ್ಫಿನ್ ಅರ್ಧ ರೇಸು ಗೆದ್ದಂತಿತ್ತು. ಮದ್ರಾಸಿನ ಹೊರಗೆ ಶೋಳವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ ನಡೆಯುತ್ತಿದ್ದ ರೇಸುಗಳಲ್ಲೂ ರ‍್ಯಾಲಿಗಳಲ್ಲೂ ಈ ಕಾರು ಓಡಿತು. ಸಂಸಾರಕ್ಕೆ ಒಗ್ಗದ ಗುಣಗಳೇ ಅಲ್ಲಿ ಕೆಲಸಕ್ಕೆ ಬಂದವು.

ನನಗೆ ಇದಕ್ಕಿಂತ ಕುತೂಹಲದ್ದು ಆ ಎಂಜಿನ್ನಿನ ವಂಶಾವಳಿ. ರಿಲಯಂಟ್ ಕಂಪನಿ 1930ರ ದಶಕದಲ್ಲಿ ತನ್ನ ಮೂರು ಚಕ್ರದ ಗಾಡಿಗಳಿಗೆ ಆಸ್ಟಿನ್ 7 ಕಾರಿನ 747 ಸಿಸಿ ಎಂಜಿನ್ ಕೊಳ್ಳುತ್ತಿತ್ತು. ಆಸ್ಟಿನ್ ಅದನ್ನು ನಿಲ್ಲಿಸಿದಾಗ ರಿಲಯಂಟ್ ತಾನೇ ಅದರ ಪಡಿಯಚ್ಚನ್ನು ಮಾಡಿಕೊಂಡಿತು. 1962ರಲ್ಲಿ ಅದರ ಜಾಗಕ್ಕೆ ಪೂರ್ತಿ ಅಲ್ಯೂಮಿನಿಯಂನ 600 ಸಿಸಿ ಎಂಜಿನ್ ಬಂತು. ಅದೇ ಹಿಗ್ಗುತ್ತಾ ಹೋಗಿ 848 ಆಯಿತು. ಅಂದರೆ ಬೆಂಗಳೂರಿನಲ್ಲಿ ಗುಡುಗುಡು ಎಂದದ್ದು, ಸ್ವಲ್ಪ ಸುತ್ತುಬಳಸಿನ ಸಂಬಂಧವಾದರೂ, 1922ರ ಆಸ್ಟಿನ್ 7ರ ಮರಿಮಗ.

ಆ ಆಸ್ಟಿನ್ 7 ಬಡವರ ರೇಸಿಗೆ ಆದಿಮೂಲ. 1947ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಪೆಟ್ರೋಲ್ ಪಡಿತರ ನಿಂತು ಹಳೇ ಕಾರುಗಳ ವ್ಯಾಪಾರ ಕುಸಿದಾಗ, ಲಂಡನ್ನಿನ ಎಂಜಿನಿಯರಿಂಗ್ ವಿದ್ಯಾರ್ಥಿ ಕಾಲಿನ್ ಚಾಪ್‌ಮನ್ ಬಳಿ ಮಾರಾಟವಾಗದೆ ಉಳಿದದ್ದು 1930ರ ಒಂದು ಆಸ್ಟಿನ್ 7. ಅದನ್ನೇ ಬಿಚ್ಚಿ ಕಟ್ಟಿದ್ದು ಮೊದಲ ಲೋಟಸ್. 1951ರ ಹೊತ್ತಿಗೆ ಆತ ಮಾಡಿದ ಒಂದು ಉಪಾಯವನ್ನು ಇಲ್ಲಿ ಬಿಡಿಸಿ ಹೇಳಬೇಕು. ಎಂಜಿನ್ ಎಂದರೆ ಮೂಲತಃ ಗಾಳಿಯ ಪಂಪು. ಹೆಚ್ಚು ಗಾಳಿ ಒಳಹೋದರೆ ಹೆಚ್ಚು ಪೆಟ್ರೋಲ್ ಸುಡಬಹುದು. ಆಸ್ಟಿನ್‌ಗೆ ಸಿಲಿಂಡರ್ ನಾಲ್ಕು, ಗಾಳಿ ಒಳಬರುವ ಬಾಯಿ ಎರಡೇ. ಅವಳಿ ಮಕ್ಕಳು ಒಂದೇ ಲೋಟದಲ್ಲಿ ಕುಡಿದಂತೆ, ಒಂದು ಎಳೆದರೆ ಇನ್ನೊಂದಕ್ಕೆ ಕಮ್ಮಿ. ಚಾಪ್‌ಮನ್ ಆ ಬಾಯಿಗಳ ನಡುವೆ ಲೋಹದ ತೆರೆ ಕೂರಿಸಿ ಪ್ರತಿ ಸಿಲಿಂಡರಿಗೂ ತನ್ನದೇ ದಾರಿ ಕೊಟ್ಟ. ಇಷ್ಟಕ್ಕೇ ಕಾರು ಎಷ್ಟು ಮುಂದೆ ಹೋಯಿತೆಂದರೆ, ಆ ರೇಸು ನಡೆಸುತ್ತಿದ್ದ ಕ್ಲಬ್ಬು ನಿಯಮ ತಿದ್ದಿ ಈ ಉಪಾಯವನ್ನೇ ನಿಷೇಧಿಸಿತು. ಒಂದು ತುಂಡು ತಗಡು, ಒಂದಿಷ್ಟು ಬೆಸುಗೆ!

ಈ ಇತಿಹಾಸ ನನಗೆ ಬೇಕಾದದ್ದಕ್ಕೆ ಕಾರಣವಿದೆ. ಜೆ.ಪಿ. ನಗರದ ನಮ್ಮ ಮನೆಯ ಮುಂದೆ ಅಪ್ಪ ಬಿಟ್ಟುಹೋದ 1997ರ ಮಾರುತಿ ಜೆನ್ ನಿಂತಿದೆ, ಜಯನಗರದ ಕೆಎ-05 ನೋಂದಣಿ. ನನ್ನ ಕೈಲಿರುವುದು ನಲವತ್ತು ಸಾವಿರ ರೂಪಾಯಿ. ಇದರಲ್ಲಿ ಅದನ್ನು ಎಷ್ಟರ ಮಟ್ಟಿಗೆ ಸ್ಪೋರ್ಟ್ಸ್ ಕಾರು ಮಾಡಬಹುದು?

ದಕ್ಷಿಣ ಬೆಂಗಳೂರಿನ ಯಾವ ಹಳೇ ಮೆಕ್ಯಾನಿಕ್ಕನ್ನು ಕೇಳಿದರೂ ಮೊದಲು ಬರುವ ಉತ್ತರ ಒಂದೇ: "ಎಸ್ಟೀಮ್ ಎಂಜಿನ್ ಹಾಕ್ಸಿ ಸಾರ್." ಇದರಲ್ಲಿ ತರ್ಕವಿದೆ. 1993ರಲ್ಲಿ ಬಂದ ಜೆನ್‌ನ 993 ಸಿಸಿ ಎಂಜಿನ್ನೂ ಮರುವರ್ಷದ ಎಸ್ಟೀಮ್‌ನ 1298 ಸಿಸಿ ಎಂಜಿನ್ನೂ ಸುಜುಕಿಯ ಒಂದೇ ಜಿ ಸರಣಿಯವು, ಅಣ್ಣತಮ್ಮಂದಿರು. ತಮ್ಮನ ಕೋಣೆಯಲ್ಲಿ ಅಣ್ಣ ಹೆಚ್ಚು ಗಲಾಟೆಯಿಲ್ಲದೆ ಕೂರುತ್ತಾನೆ. 50 ಇದ್ದ ಅಶ್ವಶಕ್ತಿ ಒಮ್ಮೆಲೇ 65 ಆಗುತ್ತದೆ. ತೊಂಬತ್ತರ ದಶಕದ ಕೊನೆಯಿಂದ ಎಷ್ಟೋ ಜೆನ್‌ಗಳು ಹೀಗೆ ರೂಪಾಂತರಗೊಂಡವು. ಗುಜರಿಯ ಎಂಜಿನ್, ಜೆ.ಸಿ. ರಸ್ತೆಯ ಬಿಡಿಭಾಗ, ನಾಲ್ಕು ದಿನದ ಕೂಲಿ: ನನಗೆ ಹೇಳಿದ ಲೆಕ್ಕ ಅರವತ್ತು ಸಾವಿರ ದಾಟಿತು.

ಹಣವನ್ನು ಹೇಗಾದರೂ ಹೊಂದಿಸಬಹುದು. ತೊಡಕಿರುವುದು ಆರ್‌ಸಿ ಪುಸ್ತಕದಲ್ಲಿ. ಎಂಜಿನ್ ಸಂಖ್ಯೆ, ಸಿಸಿ ಎರಡೂ ಅದರಲ್ಲಿ ನಮೂದಾಗಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆನ್ನುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹದಿನೈದು ವರ್ಷ ದಾಟಿದ ಕಾರು ಐದು ವರ್ಷಕ್ಕೊಮ್ಮೆ ಮರುನೋಂದಣಿಗೆ ಹೋಗಬೇಕು. ಅಲ್ಲಿ ಎಂಜಿನ್ ಸಂಖ್ಯೆ ತಾಳೆಯಾಗದಿದ್ದರೆ ಅಪ್ಪನ ಕಾರು ಕಾಗದದ ಮೇಲೆ ಇಲ್ಲವೇ ಇಲ್ಲ. ಹದಿನೈದು ಅಶ್ವಶಕ್ತಿಗೆ ಇದು ತೀರಾ ದುಬಾರಿ ಎಂದು ನನ್ನ ಅಭಿಪ್ರಾಯ. ಒಪ್ಪದ ಗೆಳೆಯರೂ ಇದ್ದಾರೆ.

ಡಾಲ್ಫಿನ್‌ನ ದಾರಿ, ಅಂದರೆ ತೂಕ ಇಳಿಸುವುದು, ಅರ್ಧ ಮಾತ್ರ ತೆರೆದಿದೆ. ಹಿಂದಿನ ಸೀಟು ಕಿತ್ತರೆ ಕಾರು ಹಗುರಾಗುತ್ತದೆ, ಆದರೆ ಅಮ್ಮ ಕೂರುವುದು ಅಲ್ಲೇ. ಹಾಗಾಗಿ ಉಳಿದದ್ದು ಚಾಪ್‌ಮನ್‌ನ ದಾರಿ: ಇರುವ ಎಂಜಿನ್ನಿಗೇ ಚೆನ್ನಾಗಿ ಉಸಿರಾಡಲು ಕಲಿಸುವುದು.

ಬನಶಂಕರಿಯ ಗ್ಯಾರೇಜಿನ ಹಿರಿಯ ಮೇಸ್ತ್ರಿ ಮೊದಲು ನಾಲ್ಕು ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟರು. ಪ್ಲಗ್ಗಿನ ಬಣ್ಣ ಓದುವುದು ಈ ಭಾಗದಲ್ಲಿ ಹಳೆಯ ವಿದ್ಯೆ. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಪಕ್ಕದ ಆಡುಗೋಡಿಯಲ್ಲಿ ಪ್ಲಗ್ ಮಾಡುತ್ತಿತ್ತು. ಬಿಟಿಎಂ ಬಡಾವಣೆಯ ಮಗ್ಗುಲಲ್ಲಿ ಮೈಕೋ ಲೇಔಟ್ ಎಂಬ ಹೆಸರು ಇಂದಿಗೂ ಉಳಿದಿದೆ. ಕಂದು ಬಣ್ಣವಿದ್ದರೆ ಆರೋಗ್ಯ, ಮಸಿ ಕಪ್ಪಾದರೆ ಪೆಟ್ರೋಲ್ ಜಾಸ್ತಿ, ಬಿಳುಚಿದರೆ ಕಮ್ಮಿ. ನಮ್ಮ ಮೂರು ಪ್ಲಗ್ ಕಂದು, ಒಂದು ಎಣ್ಣೆಯಿಂದ ಒದ್ದೆ. ಕಂಪ್ರೆಷನ್ ಅಳೆದರೆ ಅದೇ ಮೂರನೇ ಸಿಲಿಂಡರಿನಲ್ಲಿ ಒತ್ತಡ ಕಡಿಮೆ. ಕಾರ್ಖಾನೆ ಕೊಟ್ಟ 50 ಅಶ್ವಶಕ್ತಿಯೇ ಪೂರ್ತಿ ಉಳಿದಿಲ್ಲ; 65ರ ಮಾತು ಆಮೇಲೆ.

ಹೆಡ್ ಇಳಿಸಿ ವಾಲ್ವ್ ಉಜ್ಜಿಸಬೇಕು, ಅದರ ಎಣ್ಣೆ ಸೀಲು ಬದಲಿಸಬೇಕು, ರಿಂಗ್ ಸವೆದಿದೆಯೇ ನೋಡಬೇಕು. ಇದೆಲ್ಲ ಹೇಗೂ ಮಾಡಲೇಬೇಕಾದ ಖರ್ಚು. ಆದರೆ ಹೆಡ್ ಮೇಜಿನ ಮೇಲೆ ಬಂದ ಮೇಲೆ ಗಾಳಿದಾರಿಯ ಒರಟು ಅಂಚುಗಳನ್ನು ನುಣುಪು ಮಾಡಿ, ಮ್ಯಾನಿಫೋಲ್ಡಿನ ಬಾಯಿಯೂ ಹೆಡ್ಡಿನ ಬಾಯಿಯೂ ಮೆಟ್ಟಿಲಿಲ್ಲದಂತೆ ಕೂಡಿಸುವುದಕ್ಕೆ ಬೇಕಾದದ್ದು ಒಂದು ದಿನದ ಕೈಕೆಲಸ. ಅದರಿಂದ ಆರ್‌ಸಿಯ ಒಂದಕ್ಷರವೂ ಬದಲಾಗುವುದಿಲ್ಲ. ಉಳಿದ ಹಣ ಬ್ರೇಕಿಗೆ ಮತ್ತು ಟೈರಿಗೆ. ಮೇಸ್ತ್ರಿ ಹೆಡ್ ಬಿಚ್ಚಲು ಸೋಮವಾರ ಬರಹೇಳಿದ್ದಾರೆ.