ಪಾತ್ರ ಕೇಳಿ ಹೋದವರಿಗೆ ಮೊದಲು ಊಟ ಹಾಕುತ್ತಿದ್ದರು

ಮೊನ್ನೆ ನಮ್ಮ ಓಣಿಯ ಹುಡುಗಿಯೊಬ್ಬಳು ಮೊಬೈಲ್ ಹಿಡಿದುಕೊಂಡು ಮನೆಗೆ ಬಂದಳು. ಪಿಯುಸಿ ಮುಗಿಸಿದ್ದಾಳೆ. ಶಾಲೆಯ ಗ್ಯಾದರಿಂಗ್‌ನಿಂದ ಹಿಡಿದು ಇಲ್ಲಿವರೆಗೆ ನಾಟಕ ಅಂದರೆ ಅವಳದೇ ಮುಂದಾಳತ್ವ. "ಅಣ್ಣಾ, ಇದು ಖರೇ ಐತೇನು ನೋಡ್ರಿ" ಅಂತ ಒಂದು ವಾಟ್ಸ್‌ಆ್ಯಪ್ ಮೆಸೇಜ್ ತೋರಿಸಿದಳು. ಹೊಸ ಧಾರಾವಾಹಿಗೆ ಹೊಸ ಮುಖಗಳು ಬೇಕಂತೆ. ಅನುಭವ ಬೇಕಿಲ್ಲವಂತೆ. ಆಡಿಷನ್‌ಗೆ ಹೆಸರು ಹಚ್ಚಲು 3,500 ರೂಪಾಯಿ ಮೊದಲೇ ಹಾಕಬೇಕಂತೆ. ಅವಳ ಅವ್ವ ಸಂಘದಲ್ಲಿ ಸಾಲ ಎತ್ತಲು ತಯಾರಾಗಿದ್ದಳು.

ರೊಕ್ಕ ಹಾಕಬೇಡ ಅಂದೆ. ಅವಳು ಸುಮ್ಮನಾಗಲಿಲ್ಲ. "ಹಂಗಾರ ಮೊದಲಿನವ್ರು ಹೆಂಗ ಸೇರತಿದ್ರು?" ಅಂತ ಕೇಳಿದಳು. ಆಗ ನೆಟ್ಟಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ಆಮೇಲೆ ಕೂತು ಬರೆದ ಉತ್ತರ ಇದು.

ಕಂಪನಿಯ ಬಾಗಿಲು

ನಮ್ಮ ಕಡೆ ಹಿರಿಯರು "ಕಂಪನಿ" ಅಂದರೆ ಅದು ನಾಟಕ ಕಂಪನಿ. ಫ್ಯಾಕ್ಟರಿ ಕಂಪನಿಯ ಮಾತು ಬಂದದ್ದು ಆಮೇಲೆ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಸಂಘ ಹುಟ್ಟಿತು. ಅದರೊಳಕ್ಕೆ ಸಣ್ಣ ಹುಡುಗನಾಗಿ ಕಾಲಿಟ್ಟ ವೀರಣ್ಣ ಮುಂದೆ ಅದರ ಮಾಲೀಕರಾದರು. ಅವರ ಕುರುಕ್ಷೇತ್ರ ನಾಟಕದಲ್ಲಿ ಖರೇ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಉತ್ತರ ಕರ್ನಾಟಕದಲ್ಲಿ ಗರೂಡ ಸದಾಶಿವರಾಯರು, ವಾಮನರಾವ್ ಮಾಸ್ತರರು, ಏಣಗಿ ಬಾಳಪ್ಪನವರಂಥವರು ಕಂಪನಿ ಕಟ್ಟಿದರು. ಊರಿಂದ ಊರಿಗೆ ತಗಡು, ಪರದೆ, ಪೆಟ್ಟಿಗೆ ಸಾಗಿಸಿಕೊಂಡು ಹೋಗಿ ತಿಂಗಳುಗಟ್ಟಲೆ ಕ್ಯಾಂಪ್ ಮಾಡುತ್ತಿದ್ದರು.

ಈ ಕಂಪನಿಗಳಲ್ಲಿ ಆಡಿಷನ್ ಅನ್ನುವ ಮಾತೇ ಇರಲಿಲ್ಲ. ಆದರೆ ಪರೀಕ್ಷೆ ಇತ್ತು. ಪಾತ್ರ ಬೇಕು ಅಂತ ಬಂದ ಹುಡುಗನನ್ನು ಹಾರ್ಮೋನಿಯಂ ಮಾಸ್ತರರ ಮುಂದೆ ನಿಲ್ಲಿಸುತ್ತಿದ್ದರು. ಮಾಸ್ತರರು ಶ್ರುತಿ ಹಿಡಿಯುತ್ತಿದ್ದರು, ಹುಡುಗ ಹಾಡಬೇಕಿತ್ತು. ಮೈಕ್ ಇಲ್ಲದ ಕಾಲ. ಚಾಪೆಯ ಮೇಲೆ ಕಟ್ಟಕಡೆಗೆ ಕೂತವನಿಗೂ ಮಾತು ಕೇಳಬೇಕು. ಮುಖ ಚೆಂದ ಇದೆಯೋ ಇಲ್ಲವೋ ಅನ್ನುವುದು ಬಣ್ಣ ಹಚ್ಚುವವರ ಕೆಲಸ, ಧ್ವನಿ ಇದೆಯೋ ಇಲ್ಲವೋ ಅನ್ನುವುದೇ ಮುಖ್ಯ.

ಧ್ವನಿ ಇದ್ದರೂ ಮೊದಲ ದಿನವೇ ಪಾತ್ರ ಸಿಗುತ್ತಿರಲಿಲ್ಲ. ನಾಂದಿ ಹಾಡುವ ಗುಂಪಿನಲ್ಲಿ ನಿಲ್ಲಬೇಕು, ಪರದೆ ಎಳೆಯಬೇಕು, ಹ್ಯಾಂಡ್‌ಬಿಲ್ ಹಂಚಬೇಕು. ಹಗಲು ತಾಲೀಮು, ರಾತ್ರಿ ಆಟ. ಸೈಡ್‌ವಿಂಗ್‌ನಲ್ಲಿ ನಿಂತು ನೋಡುತ್ತ ನೋಡುತ್ತ ಎಲ್ಲರ ಮಾತೂ ಬಾಯಿಪಾಠ ಆಗುತ್ತಿತ್ತು. ಒಂದು ದಿನ ದೊಡ್ಡ ನಟರೊಬ್ಬರಿಗೆ ಜ್ವರ ಬಂದರೆ ಟಿಕೆಟ್ ರೊಕ್ಕ ವಾಪಸ್ ಕೊಡುವ ಹಾಗಿಲ್ಲ. "ಯಾರಿಗೆ ಮಾತು ಬರ್ತಾವ್ರೋ?" ಅಂತ ಮಾಲೀಕರು ಕೂಗಿದಾಗ ಕೈ ಎತ್ತಿದವನೇ ಆ ರಾತ್ರಿಯ ನಟ. ಎಷ್ಟೋ ಜನರ ಆಡಿಷನ್ ನಡೆದದ್ದು ಹೀಗೆ, ನೇರ ಪ್ರೇಕ್ಷಕರ ಮುಂದೆ.

ಹೊಸದಾಗಿ ಸೇರಿದವರಿಗೆ ಸಂಬಳ ಅಷ್ಟಕ್ಕಷ್ಟೇ. ಆದರೆ ಕಂಪನಿಯ ಅಡಿಗೆಮನೆಯಲ್ಲಿ ಎಲ್ಲರಿಗೂ ಊಟ ಇತ್ತು. ಮಲಗಲು ಜಾಗ ಇತ್ತು, ಕಲಿಸಲು ಮಾಸ್ತರರಿದ್ದರು.

ಓಡಿಹೋದ ಹುಡುಗರು

ಬಂಟ್ವಾಳ ಕಡೆಯ ಬಾಬುಕೋಡಿಯ ಹುಡುಗನೊಬ್ಬ ನಾಟಕದ ಹುಚ್ಚು ಹತ್ತಿ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿಕೊಂಡ. ವೀರಣ್ಣನವರು ಅವನಿಗೆ ಊಟ, ಪಾತ್ರ ಕೊಟ್ಟದ್ದಲ್ಲದೆ ಮುಂದೆ ಕಾಶಿಗೆ ಕಳಿಸಿ ಓದಿಸಿದರು. ಆ ಹುಡುಗನೇ ಬಿ.ವಿ. ಕಾರಂತರು. ಆಮೇಲೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದೇ ಶಾಲೆಗೆ ನಿರ್ದೇಶಕರೂ ಆದರು.

ಗಾಜನೂರಿನ ಮುತ್ತುರಾಜ ಓಡಿಹೋಗಬೇಕಾಗಲಿಲ್ಲ. ಅಪ್ಪ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಕಂಪನಿ ನಟರು. ಮಗ ಶಾಲೆ ಅರ್ಧಕ್ಕೆ ಬಿಟ್ಟು ಅಪ್ಪನ ಹಿಂದೆ ರಂಗ ಹತ್ತಿದ. ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರ ಮಾಡಿದ. 1954ರಲ್ಲಿ ಬೇಡರ ಕಣ್ಣಪ್ಪ ಸಿನಿಮಾಕ್ಕೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಆರಿಸಿಕೊಂಡದ್ದು ಇವರನ್ನೇ. ಮುತ್ತುರಾಜ ರಾಜ್‌ಕುಮಾರ್ ಆದರು. ನರಸಿಂಹರಾಜು ಅವರು ಸಿನಿಮಾಕ್ಕೆ ಬಂದದ್ದೂ ಅದೇ ಚಿತ್ರದಿಂದ, ಅವರೂ ಕಂಪನಿಯವರೇ.

ಅದಕ್ಕೂ ಹಿಂದೆ, 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನಾ. ಅದರಲ್ಲಿ ಇಂದ್ರಜಿತು ಆದ ಸುಬ್ಬಯ್ಯ ನಾಯ್ಡು, ರಾವಣ ಆದ ಆರ್. ನಾಗೇಂದ್ರರಾವ್ ಇಬ್ಬರೂ ನಾಟಕದವರು. ಸಿನಿಮಾದವರು ನಟರನ್ನು ಹುಡುಕಿಕೊಂಡು ಕಂಪನಿಗಳ ಕಡೆಗೇ ಬರುತ್ತಿದ್ದರು. ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದದ್ದೇ ಅವರ ಬಯೋಡೇಟಾ.

ಅದೇನು ಸ್ವರ್ಗವಾಗಿರಲಿಲ್ಲ

ಹಿಂದಿನದೆಲ್ಲ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಹೆಣ್ಣು ಪಾತ್ರ ಗಂಡು ಹುಡುಗರೇ ಮಾಡುತ್ತಿದ್ದ ಕಾಲದಲ್ಲಿ ಎಳೆಯ ಧ್ವನಿಯ ಹುಡುಗನಿಗೆ ಎಲ್ಲಿಲ್ಲದ ಬೇಡಿಕೆ. ಮೀಸೆ ಚಿಗುರಿ ಧ್ವನಿ ಒಡೆದ ದಿನ ಆ ಕೆಲಸ ಹೋಯಿತು. ಕೆಲವರು ಗಂಡು ಪಾತ್ರಕ್ಕೆ ಹೊರಳಿ ಉಳಿದರು. ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ಹೆಣ್ಣು ಪಾತ್ರ ಮಾಡಿದವರು. ಮುಂದೆ ಬಸವಣ್ಣನ ಪಾತ್ರದಿಂದ ಹೆಸರಾದರು, ಸ್ವಂತ ಕಂಪನಿ ನಡೆಸಿದರು, ನೂರು ವರ್ಷ ದಾಟಿ ಬಾಳಿದರು. ಆದರೆ ಹೊರಳಲು ಆಗದೆ ಊರಿಗೆ ವಾಪಸಾದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಮಳೆ ಹೊಡೆದರೆ ಕಲೆಕ್ಷನ್ ಇಲ್ಲ. ಕಲೆಕ್ಷನ್ ಇಲ್ಲದಿದ್ದರೆ ಸಂಬಳ ಇಲ್ಲ. ಕಿರಾಣಿ ಅಂಗಡಿಯ ಸಾಲ ತೀರಿಸಲಾಗದೆ ಪರದೆ, ಪೆಟ್ಟಿಗೆ ಒತ್ತೆ ಇಟ್ಟು ಕಂಪನಿಗಳು ಮುರಿದು ಬೀಳುತ್ತಿದ್ದವು.

ಹೆಣ್ಣುಮಕ್ಕಳ ದಾರಿ ಇನ್ನೂ ಕಠಿಣ. ರಂಗ ಹತ್ತಿದವಳನ್ನು ಊರು ಬೇರೆ ಕಣ್ಣಿನಿಂದಲೇ ನೋಡುತ್ತಿತ್ತು. ಆದರೂ ಬಂದರು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮ ನಾಯಕಿಯಾದರು. ಬೀಳಗಿಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಊರು ದಾಟಿ ಹೋದರು. ಗೋಹರಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ನಟಿಸಿದರು. ಅಮೀರಬಾಯಿ ಮುಂಬೈ ಸಿನಿಮಾದಲ್ಲಿ ಹಾಡಿ ದೇಶಕ್ಕೆಲ್ಲ ಗೊತ್ತಾದರು. ಇಬ್ಬರೂ ತಮ್ಮ ಹೆಸರಿನ ಮುಂದೆ ಕರ್ನಾಟಕಿ ಅಂತ ಹಚ್ಚಿಕೊಂಡರು.

ಮೈಸೂರಿನ ಆರ್. ನಾಗರತ್ನಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೆಂಗಸರೇ ಇರುವ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣ, ಭೀಮ ಎಲ್ಲ ಪಾತ್ರಕ್ಕೂ ಹೆಂಗಸರೇ. ಗಡ್ಡ ಮೀಸೆ ಹಚ್ಚಿ ಗದೆ ಹೊತ್ತು ನಾಗರತ್ನಮ್ಮನವರು ಗರ್ಜಿಸಿದರೆ ಗಂಡಸರೇ ನಿಬ್ಬೆರಗಾಗುತ್ತಿದ್ದರು. ಬೇರೆಯವರು ಪಾತ್ರ ಕೊಡಲಿ ಅಂತ ಕಾಯುವ ಬದಲು ಪಾತ್ರ ಕೊಡುವ ಕಂಪನಿಯನ್ನೇ ಅವರು ಕಟ್ಟಿಕೊಂಡರು.

ಕರಾವಳಿಯ ಮೆಟ್ಟಿಲು

ಕರಾವಳಿಯಲ್ಲಿ ಇದೇ ಕೆಲಸವನ್ನು ಯಕ್ಷಗಾನ ಮೇಳಗಳು ಮಾಡಿದವು. ಅಲ್ಲಿಯ ವ್ಯವಸ್ಥೆ ಇನ್ನೂ ಕಟ್ಟುನಿಟ್ಟು. ಹೊಸಬ ಹುಡುಗ ಮೊದಲು ಕೋಡಂಗಿ ವೇಷ ಹಾಕಿ ಕುಣಿಯಬೇಕು. ಆಮೇಲೆ ಬಾಲಗೋಪಾಲ. ಹೆಜ್ಜೆ ಕುದುರಿದ ಮೇಲೆ ಸ್ತ್ರೀವೇಷವೋ ಪುಂಡುವೇಷವೋ ಸಿಗುತ್ತದೆ. ರಾಜನ ಕಿರೀಟ ತಲೆಗೆ ಬರಲು ವರ್ಷಗಳೇ ಬೇಕು. ಮೇಳದ ತಿರುಗಾಟ ದೀಪಾವಳಿ ಆದಮೇಲೆ ಶುರುವಾಗಿ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಯಾವ ಮೇಳ, ಎಷ್ಟು ಸಂಬಳ ಎಂಬುದು ತಿರುಗಾಟಕ್ಕೆ ಮೊದಲೇ ಮಾತಾಗಿರುತ್ತದೆ. ಉಳಿದ ಮಳೆಗಾಲ ಗದ್ದೆ ಕೆಲಸ, ಇಲ್ಲವೇ ಬೇರೆ ದುಡಿಮೆ.

ರೇಡಿಯೊ ಮತ್ತು ರಂಗಶಾಲೆ

ಆಡಿಷನ್ ಅನ್ನುವ ಪದ ನಮ್ಮ ಕಡೆಯ ಕಲಾವಿದರ ಬಾಯಿಗೆ ಬಂದದ್ದು ಬಹುಶಃ ಆಕಾಶವಾಣಿಯಿಂದ. 1950ರಲ್ಲಿ ಧಾರವಾಡ ನಿಲಯ ಶುರುವಾಯಿತು. ರೇಡಿಯೊ ನಾಟಕಕ್ಕೆ ಧ್ವನಿ ಪರೀಕ್ಷೆ ಕೊಡಬೇಕು, ಪಾಸಾದರೆ ಗ್ರೇಡ್ ಸಿಗುತ್ತದೆ. "ನಾನು ಆಕಾಶವಾಣಿ ಕಲಾವಿದ" ಅಂತ ಹ್ಯಾಂಡ್‌ಬಿಲ್‌ನಲ್ಲಿ ಹಾಕಿಕೊಳ್ಳುವುದು ಒಂದು ಘನತೆ. ಪರೀಕ್ಷೆ ಮಾಡುವವರಿಗೆ ನಿಮ್ಮ ಜಾತಿ, ರೂಪ ಯಾವುದೂ ಕಾಣುವುದಿಲ್ಲ. ಮೈಕಿನ ಮುಂದೆ ಧ್ವನಿ ಒಂದೇ.

ಟಾಕೀಸು, ಆಮೇಲೆ ಟಿವಿ ಬಂದು ಕಂಪನಿಗಳು ಸೊರಗಿದಾಗ ಕಲಿಸುವ ಕೆಲಸ ರಂಗಶಾಲೆಗಳ ಹೆಗಲಿಗೆ ಬಂತು. ಸಾಗರ ತಾಲೂಕಿನ ಹೆಗ್ಗೋಡು ಎಂಬ ಸಣ್ಣ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. 1985ರಿಂದ ಅದರ ತಿರುಗಾಟ ತಂಡ ರಾಜ್ಯವೆಲ್ಲ ಸುತ್ತತೊಡಗಿತು. 1989ರಲ್ಲಿ ಮೈಸೂರಿನಲ್ಲಿ ಸರ್ಕಾರದ ರಂಗಾಯಣ ಹುಟ್ಟಿತು. ಅದನ್ನು ಕಟ್ಟಿದವರು ಹಿಂದೊಮ್ಮೆ ಮನೆಬಿಟ್ಟು ಓಡಿಹೋಗಿದ್ದ ಅದೇ ಕಾರಂತರು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1997ರಲ್ಲಿ ಶಿವಸಂಚಾರ ತಂಡ ಶುರು ಮಾಡಿದರು, ಮುಂದೆ ರಂಗಶಾಲೆಯನ್ನೂ ತೆರೆದರು.

ಈ ಶಾಲೆಗಳು ಬಹಿರಂಗವಾಗಿ ಅರ್ಜಿ ಕರೆಯುತ್ತವೆ, ಎದುರಿಗೆ ಕೂರಿಸಿ ಸಂದರ್ಶನ ಮಾಡುತ್ತವೆ. ಹಾಡಿ ತೋರಿಸು, ಮಾತಾಡು, ಯಾಕೆ ಬಂದೆ ಹೇಳು ಅನ್ನುತ್ತಾರೆ. ಹಾರ್ಮೋನಿಯಂ ಮಾಸ್ತರರ ಮುಂದೆ ನಿಂತ ಹುಡುಗನ ಪರೀಕ್ಷೆಗೂ ಇದಕ್ಕೂ ಬಹಳ ಫರಕು ಇಲ್ಲ.

ರೊಕ್ಕ ಕೊಟ್ಟು ಪಾತ್ರ ಮಾಡುವವರೂ ಇದ್ದಾರೆ

ಇಲ್ಲಿ ನೀವು ಒಂದು ಪ್ರಶ್ನೆ ಕೇಳಬಹುದು. ತುಮಕೂರು, ಮಂಡ್ಯ, ಕೋಲಾರದ ಕಡೆ ಪೌರಾಣಿಕ ನಾಟಕ ಆಡುವಾಗ ಪಾತ್ರಧಾರಿಗಳೇ ರೊಕ್ಕ ಕೊಡುತ್ತಾರಲ್ಲ? ಹೌದು. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ನಮ್ಮ ಬಾಗಲಕೋಟೆ, ಗದಗ, ಕೊಪ್ಪಳದ ಊರುಗಳಲ್ಲೂ ಜಾತ್ರೆ ನಾಟಕಕ್ಕೆ ಹುಡುಗರು ಪಟ್ಟಿ ಹಾಕುತ್ತಾರೆ.

ಆದರೆ ಅಲ್ಲಿ ಯಾರೂ ಮೋಸ ಹೋಗುತ್ತಿಲ್ಲ. ಮೇಷ್ಟ್ರು ಯಾರು, ಸೀನ್ಸ್ ಎಲ್ಲಿಂದ ಬಂತು, ಲೈಟಿನ ಬಾಡಿಗೆ ಎಷ್ಟು, ಎಲ್ಲವೂ ಕಣ್ಣೆದುರಿಗೆ ಇದೆ. ನಾಟಕದ ದಿನ ಇಡೀ ಊರು ನೋಡುತ್ತದೆ. ಅದು ಹವ್ಯಾಸ, ಅದರ ಖರ್ಚು ಅವರದು. ಅದೇ ನಾಟಕಕ್ಕೆ ಹೊಟ್ಟೆಪಾಡಿಗಾಗಿ ಬರುವ ನಟಿಯರನ್ನು ನೋಡಿ. ಅವರು ಒಂದು ರೂಪಾಯಿ ಕೊಡುವುದಿಲ್ಲ. ಮುಂಗಡ ಹಿಡಿದೇ ತಾರೀಖು ಕೊಡುತ್ತಾರೆ, ಆಟ ಮುಗಿದ ಮೇಲೆ ಬಾಕಿ ಎಣಿಸಿಕೊಂಡೇ ಗಾಡಿ ಹತ್ತುತ್ತಾರೆ. ಒಂದೇ ರಂಗದ ಮೇಲೆ ಹವ್ಯಾಸವೂ ಉದ್ಯೋಗವೂ ಅಕ್ಕಪಕ್ಕ ನಿಂತಿರುತ್ತವೆ. ಕೆಲಸ ಅಂದಮೇಲೆ ರೊಕ್ಕ ಕಲಾವಿದರ ಕೈಗೆ ಬರಬೇಕು, ಅವರ ಕೈಯಿಂದ ಹೋಗಬಾರದು.

ರಂಗಶಾಲೆಗೆ ಫೀ ಇರಬಹುದು, ಪರೀಕ್ಷೆಗೆ ಅರ್ಜಿ ಶುಲ್ಕ ಇರಬಹುದು. ಅದಕ್ಕೆ ರಸೀದಿ ಇರುತ್ತದೆ, ವಿಳಾಸ ಇರುತ್ತದೆ, "ಪಾತ್ರ ಗ್ಯಾರಂಟಿ" ಅನ್ನುವ ಮಾತು ಇರುವುದಿಲ್ಲ. ಕಲಿಯಲು ಕೊಡುವ ರೊಕ್ಕ ಬೇರೆ, ಪಾತ್ರದ ಆಸೆಗೆ ಕೊಡುವ ರೊಕ್ಕ ಬೇರೆ. ನಿಮಗೂ ಇಂಥ ಮೆಸೇಜ್ ಬಂದರೆ ನಾಲ್ಕು ಮಾತು ಕೇಳಿ: ಯಾವ ನಾಟಕ ಅಥವಾ ಧಾರಾವಾಹಿ? ತಾಲೀಮು ಎಲ್ಲಿ? ಊಟ, ವಸತಿ ಯಾರದು? ಸಂಭಾವನೆ ಎಷ್ಟು? ಈ ನಾಲ್ಕಕ್ಕೂ ಉತ್ತರ ಕೊಡದೆ ಐದನೆಯದಾಗಿ ಅಕೌಂಟ್ ನಂಬರ್ ಕಳಿಸಿದರೆ ಅಲ್ಲಿಗೆ ಬಿಟ್ಟುಬಿಡಿ.

ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಈಗಲೂ ನಾಟಕ ಕಂಪನಿಗಳು ಸಾಲಾಗಿ ಡೇರೆ ಹೊಡೆಯುತ್ತವೆ. ಹಗಲು ಹೊತ್ತಿನಲ್ಲಿ ಡೇರೆಯ ಹಿಂದೆ ಹೋದರೆ ಕಲಾವಿದರು ಬಟ್ಟೆ ಒಗೆಯುತ್ತ, ರೊಟ್ಟಿ ಬಡಿಯುತ್ತ, ಮಕ್ಕಳಿಗೆ ಓದಿಸುತ್ತ ಸಿಗುತ್ತಾರೆ. ನಮ್ಮ ಓಣಿಯ ಹುಡುಗಿಗೆ ಅಲ್ಲಿಗೆ ಒಮ್ಮೆ ಅವ್ವನ ಜೊತೆ ಹೋಗಿ ಬಾ, ಈ ಬಾಳು ಹೇಗಿದೆ ಅಂತ ಅವರ ಬಾಯಿಂದಲೇ ಕೇಳು ಅಂದಿದ್ದೇನೆ. ಆಮೇಲೆ ರಂಗಶಾಲೆಗೆ ಅರ್ಜಿ ಹಾಕೋಣ.

ಅವ್ವ ಸಂಘದ ಸಾಲ ಎತ್ತಲಿಲ್ಲ. ಆದರೆ ಹೋಗುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದಳು: "ಅಲ್ಲಿ ಊಟಕ್ಕ ಹಾಕ್ತಾರಲ್ಲ, ತಮ್ಮಾ?"

ಹಾಕ್ತಾರಬೇ ಅಂದೆ. ನೂರು ವರ್ಷದ ಹಿಂದೆ ಮಗನನ್ನು ಕಂಪನಿಗೆ ಕಳಿಸಿದ ತಾಯಂದಿರೂ ಮೊದಲು ಕೇಳಿದ್ದು ಇದನ್ನೇ ಇರಬೇಕು.