ಇಬ್ಬನಿಯಲ್ಲಿ ಕೂತವರು

ಕಾರ್ತಿ ಬೆಳೆ ಕೊಯ್ದು ಗದ್ದೆ ಖಾಲಿಯಾಯಿತೆಂದರೆ ಕುಂದಾಪುರ ಸೀಮೆಯಲ್ಲಿ ಒಂದೇ ಮಾತು: ‘ಕಂಬ್ಳ ಕಾಂಬುಕ್ ಹೋಪ.’ ಪಟ್ಟಣದವರ ಚಳಿಗಾಲಕ್ಕೆ ಪಾರ್ಕು ಇದೆ, ಬೆಂಚು ಇದೆ. ನಮ್ಮ ಹಳ್ಳಿಗಳ ಪಾರ್ಕು ಎಂದರೆ ಕಂಬಳಗದ್ದೆಯೇ. ವಂಡಾರು, ಚೋರಾಡಿ, ಬ್ರಹ್ಮಾವರ ಬದಿಯ ಯಡ್ತಾಡಿ, ಬೈಂದೂರಿನ ತಗ್ಗರ್ಸೆ. ನವೆಂಬರಿನಿಂದ ಮಾರ್ಚಿಯವರೆಗೆ ಎಲ್ಲಾದರೊಂದು ಕಡೆ ಗ್ವಾಣ ಓಡುತ್ತಲೇ ಇರುತ್ತದೆ.

ಎಲ್ಲರದ್ದೂ ಆದ ಪಾರ್ಕು ಇದೆಂದು ಮಾತ್ರ ಯಾರೂ ತಿಳಿಯಬೇಡಿ. ಗದ್ದೆ ದೊಡ್ಡ ಮನೆಯದ್ದು. ಸುಗ್ಗಿ ಬೆಳೆಗೆ ಆ ಗದ್ದೆ ಹದವಾಗಬೇಕು, ಅದಕ್ಕೆ ಒಕ್ಕಲುಗಳ ಕೋಣಗಳು ಬರಬೇಕು. ಉಳುಮೆ ಹಬ್ಬವಾಯಿತು, ಹಬ್ಬ ಧಣಿಯ ಗತ್ತಾಯಿತು. ನಮ್ಮ ಕಡೆ ಇವತ್ತಿಗೂ ಪಂದ್ಯಕ್ಕಿಂತ ಹರಕೆಯೇ ದೊಡ್ಡದು ಎನ್ನುತ್ತಾರೆ. ಹೌದು, ಇರಬಹುದು. ಹರಕೆ ಹೊತ್ತವರು ಯಾರು, ಕೆಸರು ಹೊತ್ತವರು ಯಾರು?

1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್‌ನ ದಕ್ಷಿಣ ಭಾರತದ ಜಾತಿಗಳ ಸಂಪುಟಗಳಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಂಬಳದ ವರ್ಣನೆಯಿದೆ. ಆ ದೊರೆ ನಮ್ಮ ಪರವಾಗಿ ಬರೆದವನಲ್ಲ. ಆದರೂ ಒಂದು ಸಂಗತಿ ದಾಖಲಿಸಿಬಿಟ್ಟಿದ್ದಾನೆ. ಕಂಬಳದ ಹಿಂದಿನ ರಾತ್ರಿ ಕೊರಗರು ಗದ್ದೆಯ ಬಳಿ ವಾದ್ಯ ಬಾರಿಸುತ್ತಾ, ಹಾಡುತ್ತಾ ಕೂರಬೇಕು. ತುಳುವಿನಲ್ಲಿ ಇದರ ಹೆಸರೇ ‘ಪನಿಕುಲ್ಲುನಿ’, ಅಂದರೆ ಇಬ್ಬನಿಯಲ್ಲಿ ಕೂರುವುದು. ಬೆಳಿಗ್ಗೆ ಹೊಲೆಯರು ಗದ್ದೆಗೆ ಗೊಬ್ಬರ ಹರಡಬೇಕು. ಅವರು ನಮ್ಮ ಅಜ್ಜಂದಿರು. ಒಡೆಯರ ಮನೆತನದ ಚರಿತ್ರೆಯಲ್ಲಿ ಕೋಣಗಳಿಗೂ ಹೆಸರಿದೆ, ಗೊಬ್ಬರ ಹೊತ್ತವರಿಗೆ ಇಲ್ಲ.

ಕೊರಗರ ಪಾಲಿಗೆ ಕೂರುವುದಷ್ಟೇ ಅಲ್ಲ, ಓಡುವುದೂ ಇತ್ತು. ಕೋಣ ಇಳಿಯುವ ಮೊದಲು ಅವರನ್ನು ಕೆಸರಿನಲ್ಲಿ ಓಡಿಸುತ್ತಿದ್ದರು. ಕಲ್ಲು ಮುಳ್ಳು ಇದ್ದರೆ ಕೋಣದ ಕಾಲಿಗೆ ತಾಗಬಾರದಲ್ಲ ಎಂದು ಕಾರಣ ಹೇಳುವುದುಂಟು. ಇದು ಕಟ್ಟುಕತೆ ಎನ್ನುವ ಗೆಳೆಯರು ಕರ್ನಾಟಕ ಸರ್ಕಾರದ 2000ದ ಅಜಲು ನಿಷೇಧ ಕಾಯ್ದೆಯನ್ನು ತೆರೆದು ಓದಲಿ. ಅಜಲು ಎಂದರೇನೆಂದು ಹೇಳುವಾಗ ಕಾಯ್ದೆ ಪಟ್ಟಿ ಕೊಡುತ್ತದೆ: ಕೂಲಿ ಕೊಡದಿರುವುದು ಅಥವಾ ಕಡಿಮೆ ಕೊಡುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೊರಗರನ್ನು ಕೋಣಗಳಂತೆ ಓಡಿಸುವುದು. ಇಲ್ಲದ್ದನ್ನು ನಿಷೇಧಿಸಲು ಯಾವ ಸರ್ಕಾರಕ್ಕೂ ಹುಚ್ಚಿಲ್ಲ.

ಇಸವಿಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ಕಾಣಿ. ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ ಕಾಯ್ದೆ 1960ರದ್ದು. ಅಸ್ಪೃಶ್ಯತೆಯ ಕಾಯ್ದೆ 1955ರಲ್ಲೇ ಇತ್ತು, ನಿಜ. ಆದರೆ ಕೊರಗನನ್ನು ಕೋಣನಂತೆ ಓಡಿಸಬಾರದೆಂದು ಬಾಯಿಬಿಟ್ಟು ಹೇಳಲು 2000 ಇಸವಿ ಬರಬೇಕಾಯಿತು. ಕೋಣನ ಬೆನ್ನಿಗೆ ಬೀಳುವ ಏಟಿಗಾಗಿ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು: 2014ರಲ್ಲಿ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪು, 2016ರಲ್ಲಿ ಕಂಬಳಕ್ಕೆ ಹೈಕೋರ್ಟಿನ ತಡೆ, 2017ರ ತಿದ್ದುಪಡಿ, 2023ರ ಮೇ 18ರಂದು ಅದನ್ನು ಎತ್ತಿಹಿಡಿದ ತೀರ್ಪು. ಏಟು ಬೇಡವೆನ್ನುವವರ ಜೊತೆ ನಮಗೇನೂ ಜಗಳವಿಲ್ಲ. ‘ಕಂಬಳ ಉಳಿಸಿ’ ಎಂದು ಬೀದಿಗಿಳಿದವರಲ್ಲಿ ಎಷ್ಟು ಜನ ಅಜಲು ಎಂಬ ಶಬ್ದ ಎತ್ತಿದರು ಎಂಬುದಷ್ಟೇ ನಮ್ಮ ಪ್ರಶ್ನೆ.

1974ರಲ್ಲಿ ಭೂಸುಧಾರಣೆ ಜಾರಿಗೆ ಬಂದಾಗ ಗೇಣಿದಾರರು ಅರ್ಜಿ ಹಾಕಿದರು, ಗದ್ದೆ ಪಡೆದರು. ಗೇಣಿಯೇ ಇಲ್ಲದ, ಬುಟ್ಟಿ ಹೆಣೆಯುವ ಕೊರಗ ಯಾವ ಅರ್ಜಿ ಹಾಕಬೇಕಿತ್ತು? ಅವನ ಹತ್ತಿರ ಡೋಲು ಉಳಿಯಿತು. ಡೋಲು ಅವನ ಕಲೆ, ಅದರ ಮೇಲೆ ನಮಗೆ ಅಭಿಮಾನವಿದೆ. ತನಗೆ ಬೇಕಾದಾಗ, ಕೇಳಿದ ಕೂಲಿಗೆ ಬಡಿದರೆ ಅದು ಕಲೆ. ಕರೆದಾಗ ಬರಲೇಬೇಕು, ಅಂಗಳದಾಚೆ ನಿಲ್ಲಬೇಕು ಎಂದರೆ ಅದೇ ಅಜಲು. ‘ಪದ್ಧತಿ ಮಾರಾಯ್ರೆ’ ಎನ್ನುವವರು ಈ ಎರಡನ್ನೂ ಬೇಕೆಂದೇ ಕಲಸುತ್ತಾರೆ.

2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಬಡ ಕೂಲಿಕಾರನೊಬ್ಬನ ಕಾಲನ್ನು ದೇಶವೇ ಅಳೆದು ಉಸೇನ್ ಬೋಲ್ಟ್‌ಗೆ ಹೋಲಿಸಿತು. ನಮಗೂ ಖುಷಿಯಾಯಿತು. ಅದೇ ಕೆಸರಿನಲ್ಲಿ ಅವರಿಗೂ ಮೊದಲು ಓಡಿದವರ ವೇಗ ಅಳೆಯಲು ಯಾರೂ ಗಡಿಯಾರ ಹಿಡಿದಿರಲಿಲ್ಲ. 2023ರ ನವೆಂಬರಿನಲ್ಲಿ ಕಂಬಳ ಬೆಂಗಳೂರಿನ ಅರಮನೆ ಮೈದಾನಕ್ಕೂ ಹೋಯಿತು.

ಕಂಬಳದ ಮರುದಿನ ಶಾಲೆಯಲ್ಲಿ ಮಕ್ಕಳಿಂದ ‘ನಾನು ಕಂಡ ಕಂಬಳ’ ಬರೆಸುವ ಮೇಷ್ಟ್ರುಗಳು ನಮ್ಮ ಓದುಗರಲ್ಲಿದ್ದಾರೆ. ಗೆದ್ದ ಕೋಣನ ಹೆಸರಿನ ಕೆಳಗೆ ಇನ್ನೆರಡು ಸಾಲಿಗೆ ಜಾಗ ಬಿಡಿಸಿ: ಡೋಲು ಬಡಿದವನ ಹೆಸರು, ಅವನ ಕೈಗೆ ಬಂದ ದುಡ್ಡು.